‘ಓನ್ಲಿ’ ಎಲ್ಲಿ ಕೂರಬೇಕು? ‘ಟುಮಾರೋ ಓನ್ಲಿ’ ತಪ್ಪಾ? (‘ಕರಡುಪ್ರತಿ’, ‘ಪದಚ್ಛೇದ’ ಮುಂತಾದವು ಚರ್ಚೆಯಲ್ಲಿ ಮಾತಾಡಿದವರ ಅಡ್ಡಹೆಸರುಗಳು.)

ಕರಡುಪ್ರತಿ:
ಕನ್ನಡದಲ್ಲಿ ಇರೋ ಪತ್ರ, ಸೂಚನಾಫಲಕ ಇಂಥವನ್ನ ಇಂಗ್ಲಿಷಿಗೆ ತರುವಾಗ ‘ಓನ್ಲಿ’ ಪದದ ಬಗ್ಗೆ ಎರಡು ಗೊಂದಲ. ‘ನಾಳೆಯೇ ಕಳಿಸ್ತೀನಿ’ ಅನ್ನೋದಕ್ಕೆ ‘ಐ ವಿಲ್ ಸೆಂಡ್ ಇಟ್ ಟುಮಾರೋ ಓನ್ಲಿ’ ಅಂತ ಬರೆದರೆ ತಿದ್ದುವವರು ಕೊನೇ ಪದ ಹೊಡೆದುಹಾಕ್ತಾರೆ. ‘ನಾಳೆಯೇ’ ಅನ್ನೋದರ ಕೊನೆಯಲ್ಲಿರೋ ನಮ್ಮ ‘ಏ’ಗೆ ‘ಓನ್ಲಿ’ ಅಲ್ಲದಿದ್ದರೆ ಮತ್ತೇನು? ಇನ್ನೊಂದು, ‘ಐ ಓನ್ಲಿ ಸಾ ಟೂ ಪೇಜಸ್’ ಸರಿಯೋ ‘ಐ ಸಾ ಓನ್ಲಿ ಟೂ ಪೇಜಸ್’ ಸರಿಯೋ? ಪುಸ್ತಕ ಎರಡನೆಯದು ಅನ್ನುತ್ತೆ, ಇಂಗ್ಲಿಷ್ ಮನೆಮಾತಾಗಿರುವವರ ಬಾಯಲ್ಲಿ ಮೊದಲನೆಯದೇ ಜಾಸ್ತಿ ಕೇಳಿಸುತ್ತೆ. ನಿಘಂಟು ತೆಗೆದರೆ ‘ಮಾತ್ರ, ಕೇವಲ, ಬರೀ’ ಅಷ್ಟಕ್ಕೇ ಮುಗೀತು. ಬಳಕೆ ಗೊತ್ತಿರುವವರು ಉದಾಹರಣೆ ಕೊಟ್ಟು ಬಿಡಿಸಿ ಹೇಳಿ.

ಪದಚ್ಛೇದ:
‘ಓನ್ಲಿ’ ಮುಖ್ಯವಾಗಿ ಮಾಡೋದು ಬೇಲಿ ಹಾಕುವ ಕೆಲಸ: ಇದು ಸರಿ, ಉಳಿದದ್ದು ಅಲ್ಲ, ಅಥವಾ ಇಷ್ಟು, ಇದಕ್ಕಿಂತ ಹೆಚ್ಚಿಲ್ಲ. ನಮ್ಮ ‘ಏ’ ಈ ಕೆಲಸವನ್ನೂ ಮಾಡುತ್ತೆ, ಇದರ ಜೊತೆಗೆ ಇನ್ನೂ ಮೂರ್ನಾಲ್ಕನ್ನು ಮಾಡುತ್ತೆ. ಬೆರಳಿಟ್ಟು ತೋರಿಸುತ್ತೆ (‘ಅವನೇ’), ಒತ್ತಿ ಹೇಳುತ್ತೆ (‘ಇಲ್ಲೇ’), ಖುದ್ದು ಎನ್ನುತ್ತೆ (‘ಅಧ್ಯಕ್ಷರೇ ಬಂದರು’), ಇಷ್ಟು ಬೇಗ ಎಂದು ಹುಬ್ಬೇರಿಸುತ್ತೆ (‘ಆರಕ್ಕೇ ಎದ್ದ’). ಈ ಎಲ್ಲಕ್ಕೂ ಒಂದೇ ‘ಓನ್ಲಿ’ ಅಂಟಿಸಲು ಹೋದಾಗ ಎಡವಟ್ಟಾಗುತ್ತೆ.

ಬರೆಯುವ ಮುಂಚೆ ಮಾಡಬಹುದಾದ ಪರೀಕ್ಷೆ ಸುಲಭ. ಕನ್ನಡ ವಾಕ್ಯದಲ್ಲಿ ‘ಏ’ ತೆಗೆದು ‘ಮಾತ್ರ’ ಹಾಕಿ ಓದಿ. ಅರ್ಥ ಹಾಗೇ ಉಳಿದರೆ ‘ಓನ್ಲಿ’ ಬರುತ್ತೆ. ‘ಮೂರೇ ಜನ ಬಂದರು’, ‘ಮೂರು ಜನ ಮಾತ್ರ ಬಂದರು’ ಎರಡೂ ಒಂದೇ, ಹಾಗಾಗಿ ‘ಓನ್ಲಿ ತ್ರೀ ಪೀಪಲ್ ಕೇಮ್’. ಈಗ ನಿಮ್ಮ ವಾಕ್ಯ: ‘ನಾಳೆ ಮಾತ್ರ ಕಳಿಸ್ತೀನಿ’. ನಾಳೆ ತಪ್ಪಿದರೆ ಮತ್ತೆ ಕಳಿಸಲ್ಲ ಅಂತಾಯ್ತು. ‘ಟುಮಾರೋ ಓನ್ಲಿ’ ಓದಿದ ಹೊರಗಿನವರಿಗೆ ತಲುಪೋದೂ ಇದೇ. ‘ಒಂದು ದಿನದ ಮಟ್ಟಿಗೆ’ ಎಂದು ಜಾಹೀರಾತಿನಲ್ಲಿ ಹೇಳುವ ರೀತಿ ಅದು.

ಸಾಮಾನ್ಯವಾಗಿ ಸಂಖ್ಯೆ, ಅಳತೆಯ ಮೇಲಿನ ‘ಏ’ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ (‘ಎರಡೇ ಪುಟ’, ‘ಒಂದೇ ಸಲ’, ‘ಅವಳೊಬ್ಬಳೇ’). ಜಾಗ, ಹೊತ್ತು, ವ್ಯಕ್ತಿಯ ಮೇಲಿನ ‘ಏ’ ಬಹುಪಾಲು ಫೇಲಾಗುತ್ತೆ. ಆಗ ಬಳಸಬೇಕಾದದ್ದು:

‘ಇಲ್ಲೇ ಇರು’: ಸ್ಟೇ ರೈಟ್ ಹಿಯರ್.
‘ಈಗಲೇ ಹೊರಡು’: ಲೀವ್ ರೈಟ್ ನೌ.
‘ಅವತ್ತೇ ಹೇಳಿದ್ದೆ’: ಐ ಟೋಲ್ಡ್ ಯು ದಟ್ ವೆರಿ ಡೇ.
‘ಅವನೇ ಮಾಡಿದ್ದು’: ಹಿ ಈಸ್ ದ ಒನ್ ಹೂ ಡಿಡ್ ಇಟ್.
‘ಅಧ್ಯಕ್ಷರೇ ಬಂದರು’: ದ ಪ್ರೆಸಿಡೆಂಟ್ ಹರ್ಸೆಲ್ಫ್ ಕೇಮ್.
‘ಅವನ ಮಾತೇ ಹಾಗೆ’: ದಟ್ಸ್ ಜಸ್ಟ್ ಹೌ ಹಿ ಟಾಕ್ಸ್.

‘ನಾಳೆಯೇ ಕಳಿಸ್ತೀನಿ’ಗೆ ಬರೀ ‘ಐ ವಿಲ್ ಸೆಂಡ್ ಇಟ್ ಟುಮಾರೋ’ ಸಾಕು. ತಡ ಆಗಲ್ಲ ಅನ್ನೋ ಭರವಸೆ ಕೊಡಲೇಬೇಕಿದ್ದರೆ ‘ಬೈ ಟುಮಾರೋ ಅಟ್ ದ ಲೇಟೆಸ್ಟ್’. ‘ಟುಮಾರೋ ಇಟ್ಸೆಲ್ಫ್’ ಅಂತ ಬರೆದು ಪಾರಾದೆವು ಅಂದುಕೊಳ್ಳುವವರಿದ್ದಾರೆ. ಅದೂ ನಮ್ಮ ಕಡೆಯ ಇಂಗ್ಲಿಷೇ.

ಹೊತ್ತಿನ ವಿಷಯದಲ್ಲಿ ಮಾತ್ರ ಅರ್ಥ ಪೂರ್ತಿ ತಿರುಗಿ ಬೀಳುತ್ತೆ, ಜೋಪಾನ. ‘ಹತ್ತು ಗಂಟೆಗೇ ಬಂದಳು’ ಅಂದರೆ ಬೇಗ ಬಂದಳು. ‘ಶಿ ಕೇಮ್ ಓನ್ಲಿ ಅಟ್ ಟೆನ್’ ಅಂದರೆ ಹತ್ತರವರೆಗೂ ಬರಲೇ ಇಲ್ಲ, ತಡ ಮಾಡಿದಳು. ಹೊಗಳಲು ಹೋಗಿ ದೂರು ಬರೆದಂತಾಯ್ತು. ಕನ್ನಡದ ಅರ್ಥ ಬೇಕಿದ್ದರೆ ‘ಶಿ ಕೇಮ್ ಆ್ಯಸ್ ಅರ್ಲಿ ಆ್ಯಸ್ ಟೆನ್’. ಆದರೆ ‘ಇಟ್ಸ್ ಓನ್ಲಿ ಟೆನ್’ ಅಂದರೆ ‘ಇನ್ನೂ ಹತ್ತು ಗಂಟೆ ಅಷ್ಟೆ’, ಅಂದರೆ ಹೊತ್ತಾಗಿಲ್ಲ. ಈಗಿನ ಗಂಟೆಯನ್ನೋ ವಯಸ್ಸನ್ನೋ ಅಳತೆಯಾಗಿ ಹೇಳುವಾಗ ‘ಓನ್ಲಿ’ ಕಡಿಮೆ ಎನ್ನುತ್ತೆ. ಒಂದು ಘಟನೆ ನಡೆದ ಹೊತ್ತಿಗೆ ಅಂಟಿದಾಗ ‘ಅದಕ್ಕೆ ಮುಂಚೆ ಇಲ್ಲ’ ಎನ್ನುತ್ತೆ.

ಕರಡುಪ್ರತಿ:
‘ಮಾತ್ರ’ ಹಾಕಿ ನೋಡೋ ಪರೀಕ್ಷೆ ಚೆನ್ನಾಗಿದೆ. ಹಾಗಾದರೆ ಕನ್ನಡದಲ್ಲಿ ಮೊದಲೇ ‘ಮಾತ್ರ’ ಇರುವಲ್ಲೆಲ್ಲ ಕಣ್ಣು ಮುಚ್ಚಿ ‘ಓನ್ಲಿ’ ಹಾಕಬಹುದಲ್ಲ?

ಪದಚ್ಛೇದ:
ಇಲ್ಲ. ‘ಮಾತ್ರ’ಕ್ಕೂ ಎರಡು ಮುಖ. ನಾನೇ ಮೇಲೆ ‘ಹೊತ್ತಿನ ವಿಷಯದಲ್ಲಿ ಮಾತ್ರ ಅರ್ಥ ತಿರುಗಿ ಬೀಳುತ್ತೆ’ ಎಂದೆನಲ್ಲ, ಅದು ಬೇಲಿಯೂ ಹೌದು, ‘ಆದರೆ’ ಎನ್ನುವ ಎಚ್ಚರಿಕೆಯೂ ಹೌದು. ‘ಏನೇ ಆಗಲಿ, ಬಾಗಿಲು ಮಾತ್ರ ತೆಗೀಬೇಡ’ ಇದರಲ್ಲಿ ಬೇಲಿ ಇಲ್ಲವೇ ಇಲ್ಲ. ಕಿಟಕಿ ತೆಗೆಯಬಹುದು ಅಂತಲ್ಲ ಅದರ ಅರ್ಥ. ‘ಡೋಂಟ್ ಓಪನ್ ಓನ್ಲಿ ದ ಡೋರ್’ ಅಂದರೆ ‘ಬಾಗಿಲೊಂದನ್ನೇ ತೆಗೆಯಬೇಡ, ಬೇರೆಯದನ್ನೂ ತೆಗೆ’ ಅಂತ ತಲೆಕೆಳಗಾಗುತ್ತೆ. ‘ವಾಟೆವರ್ ಹ್ಯಾಪನ್ಸ್, ಜಸ್ಟ್ ಡೋಂಟ್ ಓಪನ್ ದ ಡೋರ್’ ಸರಿ. ಹಾಗೆಯೇ ‘ಎಲ್ಲರೂ ಒಪ್ಪಿದರು, ಅವಳು ಮಾತ್ರ ಸುಮ್ಮನಿದ್ದಳು’ ಎಂಬಲ್ಲಿ ‘ಓನ್ಲಿ ಶಿ’ ನಡೆಯುತ್ತೆ, ಆದರೆ ‘ಬಟ್ ಶಿ ಕೆಪ್ಟ್ ಕ್ವಾಯೆಟ್’ ಹೆಚ್ಚು ಸಹಜ.

ಅಲ್ಪವಿರಾಮ:
‘ಓನ್ಲಿ’ ಎಲ್ಲಿ ಕೂರಬೇಕು ಎಂಬ ಎರಡನೇ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಈ ಸಮಸ್ಯೆ ಹುಟ್ಟುವುದೇ ಇಲ್ಲ, ಏಕೆಂದರೆ ‘ಏ’, ‘ಮಾತ್ರ’, ‘ಅಷ್ಟೇ’ ಮೂರೂ ತಮಗೆ ಬೇಕಾದ ಪದದ ಬೆನ್ನಿಗೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನ ‘ಓನ್ಲಿ’ಗೆ ದೂರದಿಂದಲೂ ಒಂದು ಪದವನ್ನು ಹಿಡಿಯುವ ಶಕ್ತಿಯಿದೆ. ಒಂದು ವಾಕ್ಯ ಇಟ್ಟುಕೊಂಡು ನೋಡಿ: ‘ಮೀರಾ ಗೇವ್ ರವಿ ದ ಕೀ ಆನ್ ಮಂಡೇ.’

‘ಓನ್ಲಿ ಮೀರಾ ಗೇವ್…’ ಎಂದರೆ ಕೊಟ್ಟವಳು ಮೀರಾ ಒಬ್ಬಳೇ. ‘…ಗೇವ್ ಓನ್ಲಿ ರವಿ ದ ಕೀ’ ಎಂದರೆ ರವಿಯೊಬ್ಬನಿಗೆ, ಇನ್ಯಾರಿಗೂ ಇಲ್ಲ. ‘…ರವಿ ಓನ್ಲಿ ದ ಕೀ’ ಎಂದರೆ ಕೀಲಿಯಷ್ಟೇ ಕೊಟ್ಟಳು, ಬೀಗ ಕೊಡಲಿಲ್ಲ. ‘…ದ ಕೀ ಓನ್ಲಿ ಆನ್ ಮಂಡೇ’ ಎಂದರೆ ಸೋಮವಾರದವರೆಗೂ ಕೊಡಲಿಲ್ಲ. ಇಷ್ಟೂ ಖಚಿತ. ಸಮಸ್ಯೆ ಇರುವುದು ‘ಮೀರಾ ಓನ್ಲಿ ಗೇವ್ ರವಿ ದ ಕೀ ಆನ್ ಮಂಡೇ’ ಎಂಬುದರಲ್ಲಿ. ಕ್ರಿಯಾಪದದ ಎಡಕ್ಕೆ ಕೂತ ‘ಓನ್ಲಿ’ ತನ್ನ ಬಲಕ್ಕಿರುವ ಯಾವುದನ್ನಾದರೂ ಹಿಡಿಯಬಹುದು: ಕೊಡುವುದನ್ನು, ರವಿಯನ್ನು, ಕೀಲಿಯನ್ನು, ಸೋಮವಾರವನ್ನು. ಮಾತಿನಲ್ಲಿ ಇದು ತೊಂದರೆಯಲ್ಲ, ಯಾವ ಪದ ಬೇಕೋ ಅದರ ಮೇಲೆ ದನಿ ಏರಿಸುತ್ತಾರೆ. ನಾವು ‘ಏ’ ಹಚ್ಚುವ ಜಾಗದಲ್ಲಿ ಅವರು ಒತ್ತು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಬರಹದಲ್ಲಿ ದನಿ ಇರುವುದಿಲ್ಲ.

ಆದ್ದರಿಂದ ‘ಐ ಓನ್ಲಿ ಸಾ ಟೂ ಪೇಜಸ್’ ತಪ್ಪಲ್ಲ. ಪಕ್ಕದಲ್ಲೇ ಸಂಖ್ಯೆ ಇರುವಾಗ ಓದುಗ ಬೇರೆ ಅರ್ಥ ಮಾಡಿಕೊಳ್ಳುವ ಸಾಧ್ಯತೆ ತೀರಾ ಕಡಿಮೆ. ಈ ಜಗಳ ಹಳೆಯದು. ಇಂಗ್ಲೆಂಡಿನ ಬಿಷಪ್ ರಾಬರ್ಟ್ ಲೌತ್ 1762ರಲ್ಲಿ ಮೊದಲು ಅಚ್ಚಾದ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ‘ಓನ್ಲಿ’ಯನ್ನು ಅದು ಹಿಡಿಯುವ ಪದದ ಪಕ್ಕಕ್ಕೇ ಇಡಬೇಕೆಂದು ಪಟ್ಟು ಹಿಡಿದರು; ಶಾಲಾ ಪುಸ್ತಕಗಳ ನಿಯಮ ಆ ದಾರಿಯದು. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ತಮ್ಮ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ ಅರ್ಥ ಕೆಡದಿರುವಾಗ ಸಹಜ ಜಾಗದಿಂದ ಅದನ್ನು ಎಳೆದು ಕೂರಿಸುವುದು ಅನಗತ್ಯ ಶಿಸ್ತು ಎಂಬ ನಿಲುವು ತಾಳಿದರು. ನನ್ನ ಮತ ಫೌಲರ್ ಕಡೆಗೆ, ಒಂದು ಷರತ್ತಿನೊಂದಿಗೆ: ಕರಾರು, ನಿಯಮಾವಳಿ, ಔಷಧದ ಸೂಚನೆ, ಪರೀಕ್ಷೆಯ ಉತ್ತರಪತ್ರಿಕೆ ಇವುಗಳಲ್ಲಿ ಲೌತ್ ಹೇಳಿದಂತೆ ನಡೆಯಿರಿ. ಔಷಧದ ಚೀಟಿಯಲ್ಲಿ ‘ಓನ್ಲಿ ಟೇಕ್ ಒನ್ ಟ್ಯಾಬ್ಲೆಟ್ ಅಟ್ ನೈಟ್’ ಎಂದಿದ್ದರೆ ರಾತ್ರಿ ಒಂದೇ ಮಾತ್ರೆಯೋ, ರಾತ್ರಿ ಹೊತ್ತು ಮಾತ್ರವೋ ತಿಳಿಯುವುದಿಲ್ಲ.

‘ಓನ್ಲಿ’ಯ ಜಾಗ ಗೊತ್ತಿಲ್ಲದಾಗ ಸುರಕ್ಷಿತ ಕ್ರಮ: ಸಾಮಾನ್ಯ ಕ್ರಿಯಾಪದವಿದ್ದರೆ ಅದರ ಎಡಕ್ಕೆ, ‘ಈಸ್, ವಾಸ್’ ಮುಖ್ಯ ಕ್ರಿಯೆಯಾಗಿದ್ದರೆ ಅದರ ಬಲಕ್ಕೆ (‘ಹಿ ಈಸ್ ಓನ್ಲಿ ಟೆನ್’), ‘ಹ್ಯಾವ್, ಕ್ಯಾನ್, ವಿಲ್’ ಸಹಾಯಕ ಇದ್ದರೆ ಮೊದಲ ಸಹಾಯಕದ ಬಲಕ್ಕೆ (‘ಐ ಹ್ಯಾವ್ ಓನ್ಲಿ ಸೀನ್ ಟೂ’). ಪದದ ಬೆನ್ನಿಗೆ ‘ಓನ್ಲಿ’ ಬರುವುದು ಹೆಚ್ಚಾಗಿ ಫಲಕಗಳಲ್ಲಿ: ‘ಸ್ಟಾಫ್ ಓನ್ಲಿ’, ‘ಎಕ್ಸಿಟ್ ಓನ್ಲಿ’. ಚೆಕ್ಕಿನಲ್ಲಿ ಅಕ್ಷರದಲ್ಲಿ ಬರೆದ ಮೊತ್ತದ ಕೊನೆಗೂ ಬರುತ್ತದೆ, ಅಲ್ಲಿ ಅದು ವ್ಯಾಕರಣಕ್ಕಿಂತ ಬೀಗದ ಕೆಲಸ. ಮುಂದೆ ಯಾರೂ ಏನೂ ಸೇರಿಸದಿರಲೆಂದು.

ನಾಲಿಗೆಸುಳಿ:
‘ಟುಮಾರೋ ಓನ್ಲಿ’ಯನ್ನ ಸಾರಾಸಗಟಾಗಿ ತಪ್ಪು ಅನ್ನೋದಕ್ಕೆ ನನ್ನ ತಕರಾರಿದೆ. ಕನ್ನಡದ ‘ಏ’, ಹಿಂದಿಯ ‘ಹೀ’, ತಮಿಳಿನ ‘ತಾನ್’ ಎಲ್ಲವೂ ಪದದ ಬೆನ್ನಿಗೆ ಬರುವಂಥವು. ಇಷ್ಟು ಭಾಷೆಯವರು ಒಂದೇ ಅರ್ಥದಲ್ಲಿ, ಒಂದೇ ಜಾಗದಲ್ಲಿ, ಒಬ್ಬರಿಗೊಬ್ಬರು ತಪ್ಪಿಲ್ಲದೆ ಅರ್ಥವಾಗುವಂತೆ ಬಳಸ್ತಾರೆ. ಭಾರತೀಯ ಇಂಗ್ಲಿಷಿನ ಗುಣಲಕ್ಷಣ ಅಂತ ಭಾಷಾಶಾಸ್ತ್ರಜ್ಞರೇ ದಾಖಲಿಸಿದ್ದಾರೆ. ‘ಹಿ ಈಸ್ ಲೈಕ್ ದಟ್ ಓನ್ಲಿ’ಯಲ್ಲಿರೋ ‘ಏನು ಮಾಡೋದು, ಬಿಡು’ ಅನ್ನೋ ಧಾಟಿ ‘ದಟ್ಸ್ ಜಸ್ಟ್ ಹೌ ಹಿ ಈಸ್’ನಲ್ಲಿ ಅರ್ಧ ಸೋರಿಹೋಗುತ್ತೆ.

ಪದಚ್ಛೇದ:
ಆಡುಮಾತಿನ ಮಟ್ಟಿಗೆ ಒಪ್ಪಿದೆ. ಓದುವವರು ನಮ್ಮವರೇ ಆಗಿದ್ದರೆ ತಕರಾರೇ ಇಲ್ಲ. ಹೊರಗಿನವರು ಓದುವ ಪತ್ರದಲ್ಲಿ ಧಾಟಿ ಸೋರಿದರೆ ಸೋರಲಿ, ತಾರೀಖು ತಪ್ಪಾಗಬಾರದು. ಪ್ರಶ್ನೆ ಕೇಳಿದವರದು ಪತ್ರ ಮತ್ತು ಫಲಕ.

ವಾಕ್ಯಬಂಧ:
ಯಾರೂ ಮುಟ್ಟದ ಒಂದು ವಿಷಯ ಇದೆ, ಪರೀಕ್ಷೆಗಳಲ್ಲಿ ಅಂಕ ಕಳೆಯೋದೂ ಅದೇ: ವಾಕ್ಯದ ಆರಂಭಕ್ಕೆ ‘ಓನ್ಲಿ’ ಬಂದಾಗ ಪದಕ್ರಮ ತಿರುಗುವುದು.

‘ಓನ್ಲಿ ದೆನ್ ಐ ಅಂಡರ್‌ಸ್ಟುಡ್’ ತಪ್ಪು. ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ ಸರಿ. ಪ್ರಶ್ನೆ ಕೇಳುವಾಗ ಸಹಾಯಕ ಕ್ರಿಯೆ ಮುಂದೆ ಬರುತ್ತಲ್ಲ, ಹಾಗೇ. ‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಹೋಗಬೇಕು. ‘ಡಿಡ್ ಐ ಅಂಡರ್‌ಸ್ಟುಡ್’ ಎಂದು ಎರಡು ಸಲ ಭೂತಕಾಲ ಹಾಕುವುದು ಮುಂದಿನ ಸಾಮಾನ್ಯ ತಪ್ಪು.

‘ಓನ್ಲಿ’ಯ ಬೆನ್ನಿಗೇ ಒಂದು ಉಪವಾಕ್ಯ ಬಂದರೆ ತಿರುಗಿಸುವುದು ಮುಖ್ಯವಾಕ್ಯವನ್ನು. ‘ಓನ್ಲಿ ವೆನ್ ದ ರೇನ್ ಸ್ಟಾಪ್ಡ್ ಡಿಡ್ ದೇ ಲೀವ್’: ಮಳೆ ನಿಂತ ಮೇಲೆಯೇ ಹೊರಟರು. ಇಲ್ಲಿ ‘ಓನ್ಲಿ ವೆನ್ ಡಿಡ್ ದ ರೇನ್ ಸ್ಟಾಪ್’ ಅಂತ ಅವಸರಪಟ್ಟು ಮೊದಲರ್ಧವನ್ನೇ ತಿರುಗಿಸುವವರು ತುಂಬಾ. ‘ಓನ್ಲಿ’ ಕರ್ತೃವನ್ನೇ ಹಿಡಿದಿದ್ದರೆ ಏನೂ ತಿರುಗಲ್ಲ: ‘ಓನ್ಲಿ ರವಿ ನೋಸ್’. ‘ನಾಟ್ ಓನ್ಲಿ’ಯಿಂದ ಶುರುವಾದರೆ ಮತ್ತೆ ತಿರುಗುತ್ತೆ: ‘ನಾಟ್ ಓನ್ಲಿ ಡಿಡ್ ಶಿ ರೈಟ್ ಇಟ್, ಶಿ ಆಲ್ಸೋ ಪ್ರಿಂಟೆಡ್ ಇಟ್’.

ಇದರಲ್ಲಿ ಒಂದು ಸೂಕ್ಷ್ಮ, ಪದಚ್ಛೇದ ಅವರು ಹೇಳಿದ ಬೇಗ-ತಡದ ಜೊತೆ ಸೇರಿಕೊಳ್ಳುತ್ತೆ. ‘ಓನ್ಲಿ ಯೆಸ್ಟರ್ಡೇ ಹಿ ವಾಸ್ ಫೈನ್’, ತಿರುಗಿಸಿಲ್ಲ, ತಪ್ಪೂ ಅಲ್ಲ. ಅರ್ಥ ‘ನಿನ್ನೆಯಷ್ಟೇ ಚೆನ್ನಾಗಿದ್ದ’, ಅಷ್ಟು ಇತ್ತೀಚೆಗೆ ಎಂದು. ‘ಓನ್ಲಿ ಯೆಸ್ಟರ್ಡೇ ಡಿಡ್ ಐ ಹಿಯರ್ ಅಬೌಟ್ ಇಟ್’, ತಿರುಗಿಸಿದೆ. ಅರ್ಥ ‘ನಿನ್ನೆಯವರೆಗೂ ನನಗೆ ಗೊತ್ತೇ ಇರಲಿಲ್ಲ’. ಒಳಗೆ ‘ಇಲ್ಲ’ ಅಡಗಿದ್ದರೆ ಕ್ರಮ ತಿರುಗುತ್ತೆ, ಇಲ್ಲದಿದ್ದರೆ ತಿರುಗಲ್ಲ. ಇಷ್ಟು ನೆನಪಿಟ್ಟರೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ.

ಕರಡುಪ್ರತಿ:
ಇದು ಗೊತ್ತೇ ಇರಲಿಲ್ಲ. ‘ಓನ್ಲಿ ಇಫ್’, ‘ಇಫ್ ಓನ್ಲಿ’ ಬೇರೆ ಬೇರೆಯಾ? ‘ಓನ್ಲಿ ಟು’ ಅಂತಲೂ ಕತೆಗಳಲ್ಲಿ ಬರುತ್ತೆ, ‘ಸಲುವಾಗಿ ಮಾತ್ರ’ ಅಂತ ಹಾಕಿದರೆ ಕೂರೋದೇ ಇಲ್ಲ.

ಅಲ್ಪವಿರಾಮ:
ಬೇರೆ ಬೇರೆ. ‘ಐ ವಿಲ್ ಕಮ್ ಓನ್ಲಿ ಇಫ್ ಯು ಕಾಲ್’ ಎಂದರೆ ಕರೆದರೆ ಮಾತ್ರ ಬರುತ್ತೇನೆ. ಗಮನಿಸಿ, ಕರೆದರೆ ಬಂದೇ ಬರುತ್ತೇನೆ ಎಂಬ ಮಾತು ಇದರೊಳಗಿಲ್ಲ. ಕರೆಯದಿದ್ದರೆ ಇಲ್ಲ ಎಂಬುದಷ್ಟೇ ಖಚಿತ. ನಿಯಮ ಬರೆಯುವವರು ಇದನ್ನು ಮರೆಯಬಾರದು. ‘ಇಫ್ ಓನ್ಲಿ’ ಹಳಹಳಿಕೆ: ‘ಇಫ್ ಓನ್ಲಿ ಐ ಹ್ಯಾಡ್ ನೋನ್’, ‘ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು’. ಕಳೆದುಹೋದದ್ದಕ್ಕೆ ‘ಹ್ಯಾಡ್’ ಸೇರಿದ ರೂಪ, ಈಗಿನ ಕೊರಗಿಗೆ ಸಾದಾ ಭೂತಕಾಲ: ‘ಇಫ್ ಓನ್ಲಿ ಐ ನ್ಯೂ’.

‘ಹಿ ರ್‍ಯಾನ್ ಟು ದ ಸ್ಟೇಷನ್, ಓನ್ಲಿ ಟು ಫೈಂಡ್ ದ ಟ್ರೇನ್ ಗಾನ್’ ಎಂಬಲ್ಲಿ ಉದ್ದೇಶವೇ ಇಲ್ಲ. ರೈಲು ಹೋದದ್ದನ್ನು ನೋಡಲು ಯಾರೂ ಓಡುವುದಿಲ್ಲವಲ್ಲ. ಪಟ್ಟ ಶ್ರಮ ವ್ಯರ್ಥವಾಯಿತೆಂದು ಹೇಳುವ ರೀತಿ ಅದು. ಕನ್ನಡದಲ್ಲಿ ಅದಕ್ಕೆ ‘ನೋಡಿದರೆ’ ಇದೆ: ‘ಸ್ಟೇಷನ್ನಿಗೆ ಓಡಿದ, ನೋಡಿದರೆ ರೈಲು ಹೊರಟೇಹೋಗಿತ್ತು.’

ಇನ್ನು ‘ಯು ಹ್ಯಾವ್ ಓನ್ಲಿ ಟು ಆಸ್ಕ್’ ಎಂದರೆ ‘ಕೇಳಿದರೆ ಸಾಕು’. ‘ಓನ್ಲಿ ಟೂ ಗ್ಲ್ಯಾಡ್’ ಎಂದರೆ ಬಲು ಸಂತೋಷ. ಇಲ್ಲಿ ‘ಅತಿ’ ಎಂಬರ್ಥದ ‘ಟೂ’ ಇದ್ದರೂ ಅತಿಯಾಯಿತೆಂಬ ದೂರಿಲ್ಲ. ‘ಐ ಹ್ಯಾವ್ ಓನ್ಲಿ ಜಸ್ಟ್ ಅರೈವ್ಡ್’ ಎಂದರೆ ಈಗಷ್ಟೇ ಬಂದೆ, ಆದರೆ ‘ಹಿ ಓನ್ಲಿ ಜಸ್ಟ್ ಪಾಸ್ಡ್’ ಎಂದರೆ ಹೇಗೋ ದಡ ಸೇರಿದ.

ವಾಕ್ಯಬಂಧ:
‘ಓನ್ಲಿ ಫ್ಯೂ ಪೀಪಲ್ ಕೇಮ್’ ಅನ್ನೋದನ್ನೂ ಸೇರಿಸಿಕೊಳ್ಳಿ, ದಿನಾ ಕಣ್ಣಿಗೆ ಬೀಳುವ ತಪ್ಪು. ಒಂಟಿ ‘ಫ್ಯೂ’ ಅಂದರೇನೇ ‘ಹೆಚ್ಚು ಜನ ಇಲ್ಲ’, ಅದರ ಮೇಲೆ ‘ಓನ್ಲಿ’ ಹೇರುವಂತಿಲ್ಲ. ‘ಓನ್ಲಿ ಅ ಫ್ಯೂ’ ಅನ್ನಿ, ಇಲ್ಲವೇ ‘ಓನ್ಲಿ’ ಬಿಟ್ಟು ‘ಫ್ಯೂ’ ಅನ್ನಿ. ‘ಲಿಟಲ್’ಗೂ ಇದೇ ನಿಯಮ.

ಒಂದು ಸಣ್ಣ ‘ಅ’ ಅಥವಾ ‘ದ’ ಎಷ್ಟು ಬದಲಿಸುತ್ತೆ ಅನ್ನೋದಕ್ಕೆ ‘ಚೈಲ್ಡ್’ ಜೊತೆ ನೋಡಿ. ‘ಹಿ ಈಸ್ ಆ್ಯನ್ ಓನ್ಲಿ ಚೈಲ್ಡ್’: ಅವನಿಗೆ ಒಡಹುಟ್ಟಿದವರಿಲ್ಲ. ‘ಹಿ ಈಸ್ ದ ಓನ್ಲಿ ಚೈಲ್ಡ್ ಹಿಯರ್’: ಇಲ್ಲಿರುವ ಮಗು ಅವನೊಬ್ಬನೇ. ‘ಹಿ ಈಸ್ ಓನ್ಲಿ ಅ ಚೈಲ್ಡ್’: ಪಾಪ, ಇನ್ನೂ ಮಗು ಅವನು. ಮೊದಲೆರಡರಲ್ಲಿ ಅದು ನಾಮಪದದ ವಿಶೇಷಣ, ಮೂರನೆಯದರಲ್ಲಿ ಮಾತ್ರ ಕ್ರಿಯಾವಿಶೇಷಣ. ಅಂದಹಾಗೆ ‘ಓನ್ಲಿ’ಯ ಬೇರು ‘ಒನ್’ ಎಂಬ ಸಂಖ್ಯೆಯೇ. ‘ಒನ್’ನ ಉಚ್ಚಾರಣೆ ಮುಂದೆ ‘ವನ್’ ಎಂದು ಬದಲಾಯಿತು, ‘ಓನ್ಲಿ’, ‘ಅಲೋನ್’ ಪದಗಳಲ್ಲಿ ಹಳೆಯ ‘ಓ’ ಉಳಿದುಕೊಂಡಿತು.

ಕರಡುಪ್ರತಿ:
ಕೊನೆಯದಾಗಿ ಒಂದು ಫಲಕ ನೋಡಿ ಹೇಳಿ. ಕನ್ನಡ: ‘ಸಂದರ್ಶಕರು ಆರು ಗಂಟೆಯ ನಂತರ ಮಾತ್ರ ಲಿಫ್ಟ್ ಬಳಸಬಹುದು.’ ಇಂಗ್ಲಿಷ್ ಕರಡು: ‘ವಿಸಿಟರ್ಸ್ ಕ್ಯಾನ್ ಓನ್ಲಿ ಯೂಸ್ ದ ಲಿಫ್ಟ್ ಆಫ್ಟರ್ ಸಿಕ್ಸ್.’

ಅಲ್ಪವಿರಾಮ:
ನಿಮ್ಮ ಕರಡಿಗೆ ಎರಡು ಓದು ಸಾಧ್ಯ. ಒಂದು, ಆರಕ್ಕಿಂತ ಮುಂಚೆ ಲಿಫ್ಟ್ ಇಲ್ಲ. ಇನ್ನೊಂದು, ಆರರ ನಂತರ ಲಿಫ್ಟ್ ಬಿಟ್ಟು ಬೇರೇನನ್ನೂ ಬಳಸುವಂತಿಲ್ಲ, ಅಂದರೆ ಮೆಟ್ಟಿಲು ಮುಚ್ಚಿದೆ. ‘ಸಂದರ್ಶಕರು ಮಾತ್ರ’ ಎಂಬ ಮೂರನೇ ಓದು ಬರುವುದಿಲ್ಲ, ಆ ಪದ ‘ಓನ್ಲಿ’ಯ ಎಡಕ್ಕಿದೆ. ‘ಓನ್ಲಿ’ಯನ್ನು ಮೂರು ಹೆಜ್ಜೆ ಬಲಕ್ಕೆ ಸರಿಸಿ: ‘ವಿಸಿಟರ್ಸ್ ಮೇ ಯೂಸ್ ದ ಲಿಫ್ಟ್ ಓನ್ಲಿ ಆಫ್ಟರ್ ಸಿಕ್ಸ್.’ ‘ಕ್ಯಾನ್’ ಬದಲು ‘ಮೇ’ ಏಕೆಂದರೆ ನೀವು ಹೇಳುತ್ತಿರುವುದು ಅನುಮತಿ. ಆರು ಎಂದರೆ ಬೆಳಗಿನದೋ ಸಂಜೆಯದೋ ಅದನ್ನೂ ಬರೆಯಿರಿ.

ವಾಕ್ಯಬಂಧ:
ಗೋಡೆಗೆ ಅಂಟಿಸೋದಾದರೆ ಇಷ್ಟುದ್ದ ಬೇಡ. ‘ನೋ ವಿಸಿಟರ್ಸ್ ಇನ್ ದ ಲಿಫ್ಟ್ ಬಿಫೋರ್ 6 ಪಿ.ಎಂ.’ ಅಂತ ಹಾಕಿ. ‘ಓನ್ಲಿ’ ಬೇಕಾಗೇ ಇಲ್ಲ.